ಕೀಲಿ ಹಾಕಿದ ಮನೆಯ ಹೊಸ್ತಿಲು

ಗುರುಲಿಂಗವ್ವ ಯಾರನ್ನೂ ನಂಬುತ್ತಿರಲಿಲ್ಲ. ಇದೇನೂ ಬೈಗುಳವಲ್ಲ, ಆಕೆಯ ಎದುರಿಗೇ ಹೇಳಿದರೂ ಹೌದೆಂದು ಗೋಣು ಹಾಕುತ್ತಿದ್ದಳು. ಹಾಲಿನವಳು ಹಾಲು ಅಳೆದು ಕೊಟ್ಟರೆ ಬೆರಳು ಅದ್ದಿ ನೋಡುವಳು. ಟಾಂಗಾದವನು ನಗುನಗುತ್ತ ಕರೆದರೆ ಇವನಿಗೆ ಇಷ್ಟು ನಗು ಎಲ್ಲಿಂದ ಬಂತು ಎಂದು ಹಿಂದಿನ ಟಾಂಗಾ ಹತ್ತುವಳು. ಗಂಡ ಈರಪ್ಪ ಎಂದಾದರೂ ಒಂದು ಮೊಳ ಮಲ್ಲಿಗೆ ತಂದನೋ, ಅವತ್ತು ಅವನ ಅಂಗಿಯ ಕಿಸೆಗಳೆಲ್ಲ ಹೊರಮಗ್ಗುಲಾಗುತ್ತಿದ್ದವು.

ಪಾಪ, ಆಕೆಯ ನೌಕರಿಯೂ ಅಂಥದ್ದೇ. ಬಾಗಲಕೋಟೆಯ ಟೆಲಿಫೋನ್ ಆಫೀಸಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರೂರಿನ ದನಿಗಳನ್ನು ಒಂದಕ್ಕೊಂದು ಜೋಡಿಸಬೇಕು. ಒಬ್ಬ ವ್ಯಾಪಾರಿ ಇಳಕಲ್ಲಿನವನಿಗೆ ‘ಮಾಲು ಇಲ್ಲವೇ ಇಲ್ಲ’ ಎಂದು ಆಣೆ ಹಾಕಿದ ಬಾಯಿಯಲ್ಲೇ ಹುನಗುಂದದವನಿಗೆ ‘ಬೇಕಾದಷ್ಟು ಐತಿ, ಬರ್ರಿ’ ಎನ್ನುವುದನ್ನು ದಿನಾ ಕೇಳಿದ ಹೆಣ್ಣುಮಗಳು ಯಾರನ್ನು ನಂಬಿಯಾಳು? ಜನರ ಮುಖ ಕಾಣದೆ ಬರೀ ಮಾತು ಕೇಳಿದರೆ ಸುಳ್ಳು ಬೇಗ ತಿಳಿಯುತ್ತದೆ ಎಂದು ಆಕೆ ಹೇಳುತ್ತಿದ್ದಳು.

ಇದೆಲ್ಲ ಎಪ್ಪತ್ತೆಂಟರ ಸುಮಾರಿನ ಮಾತು. ಆಗ ಬಾದಾಮಿ ಸ್ಟೇಷನ್ನಿನ ಹತ್ತಿರ ಯಾಕೂಬಸಾಬನ ಚಾಳು ಹೊಸದು. ಊರು ಅತ್ತ, ಸ್ಟೇಷನ್ನು ಇತ್ತ, ನಡುವೆ ಧೂಳಿನ ಟಾಂಗಾ ಹಾದಿ. ಯಾಕೂಬಸಾಬ ತನ್ನ ಹೊಲದ ಅಂಚಿಗೆ ಕೆಂಪು ಕಲ್ಲಿನ ಮನೆಗಳನ್ನು ಎದುರುಬದುರು ಎರಡು ಸಾಲು ಕಟ್ಟಿಸಿ, ರೈಲಿನಲ್ಲಿ ಬಾಗಲಕೋಟೆಗೆ ಹೋಗಿಬರುವ ನೌಕರದಾರರಿಗೆ ಬಾಡಿಗೆಗೆ ಕೊಟ್ಟಿದ್ದ. ಒಬ್ಬರ ಊರು ಒಬ್ಬರಿಗೆ ಗೊತ್ತಿಲ್ಲ, ಒಬ್ಬರ ಮನೆದೇವರು ಇನ್ನೊಬ್ಬರಿಗೆ ಗೊತ್ತಿಲ್ಲ. ಗೋಡೆ ಮಾತ್ರ ಒಂದೇ. ಆಚೆ ಮನೆಯವರು ಒಗ್ಗರಣೆ ಹಾಕಿದರೆ ಈಚೆ ಮನೆಯವರು ಸೀನಬೇಕು.

ಬೆಳಗಿನ ಪ್ಯಾಸೆಂಜರ್ ದೂರದಲ್ಲಿ ಸಿಳ್ಳು ಹಾಕಿತೋ, ಒಬ್ಬರ ರೊಟ್ಟಿ ಹಂಚಿನ ಮೇಲೆ, ಒಬ್ಬರ ಸೋಪು ಮುಖದ ಮೇಲೆ. ‘ಕೀಲಿ ಹಾಕಿದ್ಯಾ?’ ‘ಡಬ್ಬಿ ತಗೊಂಡ್ಯಾ?’ ಎಂದು ಕೂಗುತ್ತ ಇಡೀ ಚಾಳು ಸ್ಟೇಷನ್ನಿನ ಕಡೆ ಓಡುತ್ತಿತ್ತು. ಗಾಡಿ ಹೋಯಿತೆಂದರೆ ಮುಗಿಯಿತು. ಹಿಂದೆ ಉಳಿಯುವುದು ಕೀಲಿಗಳು, ಕೋಳಿಗಳು, ಮೂಲೆಮನೆಯಲ್ಲಿ ಹೊಲಿಗೆ ಮಷಿನ್ ತುಳಿಯುವ ಯಾಕೂಬಸಾಬನ ಸೊಸೆ ಜೋಹರಾ, ಮತ್ತು ಸೋಮವ್ವ.

ಸೋಮವ್ವ ರೈಲ್ವೆ ಗ್ಯಾಂಗ್‌ಮನ್ ಮುದಕಪ್ಪನ ಹೆಂಡತಿ. ಬೀರಪ್ಪನ ಒಕ್ಕಲು. ಬೇಸಗೆಯಲ್ಲೂ ಹೆಗಲಿಗೆ ಕರಿ ಕಂಬಳಿ, ಹಣೆಗೆ ಭಂಡಾರ, ಮನೆ ಮುಂದೆ ಎರಡು ಆಡು. ಚಾಳಿನ ನಳಕ್ಕೆ ನೀರು ಬರುವುದು ಹೊತ್ತೇರಿದ ಮೇಲೆ, ಮನೆಯವರೆಲ್ಲ ಬಾಗಲಕೋಟೆಯಲ್ಲಿ ಕುರ್ಚಿಯ ಮೇಲೆ ಕೂತಿರುವಾಗ. ಹಾಗಾಗಿ ಎಲ್ಲರೂ ತಮ್ಮ ಕೀಲಿಯ ಎರಡನೆಯ ಚಾವಿಯನ್ನು ಸೋಮವ್ವನ ಕೈಗೆ ಕೊಟ್ಟುಬಿಟ್ಟಿದ್ದರು. ಆಕೆ ಒಂದೊಂದೇ ಮನೆಯ ಕೀಲಿ ತೆಗೆದು ಹಂಡೆ, ಹರವಿ ತುಂಬಿಸಿ, ನೆಲಕ್ಕೆ ಬಿದ್ದ ನೀರನ್ನೂ ಒರೆಸಿ ಮತ್ತೆ ಕೀಲಿ ಹಾಕುವಳು. ಅಕ್ಷರ ಬಾರದ ಕಾರಣ ಪ್ರತಿ ಚಾವಿಗೂ ಬೇರೆ ಬೇರೆ ಬಣ್ಣದ ಉಣ್ಣೆದಾರ ಕಟ್ಟಿ ಗೊಂಚಲು ಮಾಡಿ ಸೊಂಟಕ್ಕೆ ಸಿಗಿಸಿಕೊಂಡಿದ್ದಳು. ಗುರುಲಿಂಗವ್ವನ ಮನೆಯದು ಕೆಂಪು. ನಡೆದರೆ ಗೊಂಚಲು ಜಣಜಣ ಎನ್ನುತ್ತಿತ್ತು, ಆ ಸಪ್ಪಳದಲ್ಲಿ ಆಕೆಗೊಂದು ಸಣ್ಣ ಠೀವಿಯೂ ಇತ್ತು. ಚಾಳಿನಲ್ಲಿ ಅಷ್ಟು ಮನೆಗಳ ಯಜಮಾನಿಕೆ ಬೇರೆ ಯಾರಿಗಿತ್ತು!

ಗುರುಲಿಂಗವ್ವ ಚಾವಿ ಕೊಟ್ಟಿದ್ದಳು, ಆದರೆ ನಂಬಿ ಕೊಟ್ಟಿರಲಿಲ್ಲ. ಹೋಗುವ ಮುಂಚೆ ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೆ ಒಂದು ಎಳೆ ಕೂದಲು ಇಟ್ಟು ಹೋಗುವಳು. ಸಂಜೆ ಬಂದು ನೋಡಿದರೆ ಕೂದಲು ಇದ್ದಲ್ಲೇ ಇರುತ್ತಿತ್ತು. ಆಕೆಗೆ ಅದೂ ಸಮಾಧಾನವಲ್ಲ. ಕೂದಲು ನೋಡಿ ಮತ್ತೆ ಹಾಗೇ ಇಟ್ಟಿರಬಹುದಲ್ಲ!

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆಕೆಗೆ ದಿನ ತಪ್ಪಿತು. ಇಲ್ಲಿ ಸ್ವಲ್ಪ ತಡೆದು ಹೇಳಬೇಕು. ಹಿಂದೆ ಎರಡು ಸಲ ಹೊಟ್ಟೆಯಲ್ಲಿ ನಿಂತದ್ದು ಮೂರು ತಿಂಗಳು ತುಂಬುವುದರೊಳಗೆ ಹೋಗಿತ್ತು. ಎರಡೂ ಸಲ ಸುದ್ದಿ ಮೊದಲೇ ಊರಾಡಿತ್ತು; ಕಲಾದಗಿಯ ತವರಿನಿಂದ ಬುತ್ತಿ ಬಂದಿತ್ತು, ಚಾಳಿನ ಹೆಂಗಸರು ಕೆನ್ನೆ ಸವರಿದ್ದರು, ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಬಂದು ಅಯ್ಯೋ ಪಾಪ ಅಂದಿದ್ದರು. ಆ ಅಯ್ಯೋ ಪಾಪ ಆಕೆಯನ್ನು ಹೊಟ್ಟೆನೋವಿಗಿಂತ ಹೆಚ್ಚು ಸುಟ್ಟಿತ್ತು. ಯಾರದೋ ಕಣ್ಣು ಬಿದ್ದೇ ಹೋದದ್ದು ಎಂದು ಆಕೆಯ ಮನಸ್ಸು ಗಟ್ಟಿ ಮಾಡಿಕೊಂಡಿತ್ತು. ಆದ್ದರಿಂದ ಈ ಸಲ ಈರಪ್ಪನ ಹೊರತು ಯಾರಿಗೂ ಹೇಳಲಿಲ್ಲ, ತವರಿಗೂ ಇಲ್ಲ. ಸೆರಗು ದೊಡ್ಡದಾಗಿ ಹೊದ್ದುಕೊಂಡು, ವಾಂತಿ ಬಂದರೆ ಕೊಡ ಬಕೀಟಿನ ಸಪ್ಪಳ ಮಾಡಿ, ಬಾಯಿ ಚಪಲ ತಡೆಯಲಾರದೆ ಒಲೆಯ ಅಂಚಿನ ಮಣ್ಣು ಕೆರೆದು ತಿನ್ನುತ್ತ ಮೂರು ತಿಂಗಳು ದಾಟಿಸಿದಳು.

ನಾಲ್ಕನೆಯ ತಿಂಗಳಲ್ಲಿ ಒಂದು ಸಂಜೆ ಗಾಡಿ ಇಳಿದು ಬಂದು ಕೀಲಿ ತೆಗೆದಳು. ಹೊಸ್ತಿಲ ಒಳಬದಿಗೆ, ಪರಸಿಕಲ್ಲಿನ ಮೇಲೆ, ಒಂದು ಚಿಟಿಕೆ ಹಳದಿ ಪುಡಿ. ಅದರ ಮೇಲೆ ಹೆಬ್ಬೆರಳು ಒತ್ತಿದ ಗುರುತು.

ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಸೆಗಣಿ ನೀರು ಹಾಕಿ ತಿಕ್ಕಿ ತೊಳೆದಳು. ಮರುದಿನ ಸಂಜೆ ನೋಡಿದರೆ ಮತ್ತೆ ಅದೇ ಜಾಗದಲ್ಲಿ, ಅದೇ ಹೆಬ್ಬೆರಳು.

ಈರಪ್ಪ ಬಾದಾಮಿ–ಇಳಕಲ್ಲ ಬಸ್ಸಿನ ಕಂಡಕ್ಟರ್. ಒಂದು ರಾತ್ರಿ ಇಳಕಲ್ಲಿನಲ್ಲಿ ವಸ್ತಿ, ಒಂದು ರಾತ್ರಿ ಮನೆಯಲ್ಲಿ. ಮನೆಗೆ ಬಂದವನಿಗೆ ಹೇಳಿದಳು. ಅವನು ನಕ್ಕ.

“ಕೊರಳಾಗ ಲಿಂಗ ಕಟ್ಟಿಕೊಂಡಾಕಿ ನೀ, ಅರಿಷಿಣಕ್ಕ ಹೆದರತೀ?”

“ನನಗ ಹೆದರಿಕಿ ಇಲ್ಲರೀ. ಹೆದರಿಕಿ ಹೊಟ್ಯಾಗಿಂದಕ್ಕ.”

ಈರಪ್ಪನ ನಗು ಅಲ್ಲಿಗೇ ನಿಂತಿತು. ಜೋಳದ ರೊಟ್ಟಿ ಮುರಿಯುತ್ತ ಮುರಿಯುತ್ತ, “ಯಾರ ಮಾಡ್ತಾರವಾ ಹಂಗ, ನಮಗ ಯಾರ ವೈರಿ ಅದಾರ,” ಎಂದ. ಅದನ್ನೇ ಆಕೆ ಹಗಲೂ ರಾತ್ರಿ ಲೆಕ್ಕ ಹಾಕುತ್ತಿದ್ದಳು. ಬಸರಿ ಎಂದು ಯಾರಿಗೂ ಹೇಳಿಲ್ಲ. ಹಾಗಿದ್ದ ಮೇಲೆ ಇದೇ ಹೊತ್ತಿನಲ್ಲಿ ಯಾರು ಹುಡುಕಿಕೊಂಡು ಬಂದು ಇಡುತ್ತಾರೆ? ಅನುಮಾನ ಮೊದಲು ಜೋಹರಾನ ಮೇಲೆ ಬಂತು. ದಿನವಿಡೀ ಚಾಳಿನಲ್ಲಿರುತ್ತಾಳೆ, ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲ. ಆಮೇಲೆ ಗೋಡೆಯಾಚೆಯ ಮನೆಯವರ ಮೇಲೆ ಬಂತು. ಹಿಂದಿನ ಸಲ ಗರ್ಭ ಹೋದಾಗ ಹೆಚ್ಚು ಅತ್ತವರು ಅವರೇ. ಅಷ್ಟು ಅಳು ಯಾಕೆ? ಒಂದು ವಾರ ಆಕೆ ಚಾಳಿನಲ್ಲಿ ಎಲ್ಲರ ಹೆಬ್ಬೆರಳನ್ನೂ ನೋಡುತ್ತ ತಿರುಗಿದಳು.

ಬೆಳಗಿನ ಗಾಡಿಯಲ್ಲಿ ಹೆಂಗಸರ ಡಬ್ಬಿ ಬೇರೆ. ಅದರಲ್ಲಿ ಆಕೆಯ ಪಕ್ಕಕ್ಕೆ ದಿನಾ ಕೂಡುವವಳು ಸಿದ್ದವ್ವ. ಚಾಳಿನ ಕೊನೆಯ ಮನೆ, ಬಾಗಲಕೋಟೆಯ ಕೋರ್ಟಿನಲ್ಲಿ ಟೈಪಿಸ್ಟ್. ವಕೀಲರ ಮಾತು ಬಡಿದು ಬಡಿದು ಸಿದ್ದವ್ವನ ನಾಲಿಗೆಯೂ ಪಾಟೀಸವಾಲಿನ ನಾಲಿಗೆಯಾಗಿತ್ತು. ಗುರುಲಿಂಗವ್ವ ತಡೆಯಲಾರದೆ ಒಂದು ದಿನ ಪುಡಿಯ ಸುದ್ದಿ ಬಾಯಿಬಿಟ್ಟಳು.

“ಹೊಸ್ತಿಲದ ಒಳಗೋ, ಹೊರಗೋ?” ಸಿದ್ದವ್ವ ಕೇಳಿದಳು.

“ಒಳಗ.”

“ಕೀಲಿ ಮುರಿದಿತ್ತೇನು?”

“ಇಲ್ಲ.”

“ಮುಗೀತಲ್ಲ ಮತ್ತ! ಚಾವಿ ಯಾರ ಸೊಂಟದಾಗ ಐತಿ?”

ಗುರುಲಿಂಗವ್ವ ಕಿಟಕಿಯ ಸರಳು ಹಿಡಿದುಕೊಂಡಳು. ಇಷ್ಟು ಸರಳವಾದದ್ದು ತನ್ನ ತಲೆಗೆ ಹೇಗೆ ಹೊಳೆಯಲಿಲ್ಲ! ಲೋಕವನ್ನೆಲ್ಲ ಅನುಮಾನಿಸಿ ಸೋಮವ್ವನೊಬ್ಬಳನ್ನೇ ಬಿಟ್ಟಿದ್ದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. “ಅರಿಷಿಣ ಅಷ್ಟ ಅದು,” ಎಂದು ಬಾಯಿಗೆ ಹೇಳಿದಳು.

“ಅರಿಷಿಣ ಕಾಣತೈತಿ, ಒಳಗ ಮಸಣದ ಬೂದಿ ಕಲಿಸಿರ್ತಾರ. ನಮ್ಮ ಕೋರ್ಟಿಗೆ ಹಂಥಾವು ಎಷ್ಟ ಬಂದಾವು ಗೊತ್ತೇನು?” ಎಂದ ಸಿದ್ದವ್ವ ಆಕೆಯ ಸೆರಗಿನ ಕಡೆ ಒಮ್ಮೆ ನೋಡಿದಳು. “ನಿಂದೇನರ ವಿಶೇಷ ಐತೇನ ಮತ್ತ?”

“ಏನಿಲ್ಲ,” ಎಂದಳು ಗುರುಲಿಂಗವ್ವ. ಸಿದ್ದವ್ವ ನಂಬಿದಂತೆ ಕಾಣಲಿಲ್ಲ.

ಅಂದು ಸಂಜೆ ಗಾಡಿ ಇಳಿದವಳು ಮನೆಗೆ ಹೋಗದೆ ನೇರವಾಗಿ ಸೋಮವ್ವನ ಮನೆ ಮುಂದೆ ನಿಂತಳು. ಸೋಮವ್ವ ಆಡಿಗೆ ಸೊಪ್ಪು ಹಾಕುತ್ತಿದ್ದಳು.

“ಸೋಮಕ್ಕ, ನಾಳಿಂದ ನಮ್ಮ ಮನೀ ಚಾವಿ ನಿನ್ನ ಕಡೆ ಬ್ಯಾಡ. ತಿರುಗಿ ಕೊಟ್ಟುಬಿಡು.”

“ಯಾಕವಾ ತಂಗಿ, ರಜಾ ಹಾಕಿಯೇನು?”

“ಹಂಗೇನಿಲ್ಲ. ಇನ್ನ ಮ್ಯಾಲೆ ನೀರು ನಾನ ತುಂಬಿಕೊಳ್ತೇನಿ.”

ಸೋಮವ್ವ ಸೊಪ್ಪು ಕೆಳಗಿಟ್ಟಳು. “ನೀ ಕೊಡ ಎತ್ತಾಕ ಹೋಗಬ್ಯಾಡ.”

“ಯಾಕ? ನಾ ಯಾಕ ಎತ್ತಬಾರದು?” ಗುರುಲಿಂಗವ್ವ ಮಾತನ್ನು ಹಾಗೇ ಹಿಡಿದುಕೊಂಡಳು.

ಸೋಮವ್ವ ಬಾಯಿ ತೆರೆದು ಮುಚ್ಚಿದಳು. “ಸುಮ್ಮನ ಅಂದೆ,” ಎಂದಳು.

ಆ ಸುಮ್ಮನೆ ಅಂದದ್ದೇ ಸಾಕಾಯಿತು. ಕಳ್ಳತನ ಇಲ್ಲದವರು ಮಾತು ನುಂಗುತ್ತಾರೆಯೇ? ಸೋಮವ್ವ ಗೊಂಚಲಿನಿಂದ ಕೆಂಪು ದಾರದ ಗಂಟು ಬಿಚ್ಚುವಾಗ ಬೆರಳು ತಡವರಿಸಿದ್ದು, ಮುಖ ಸಣ್ಣದಾದದ್ದು, ಚಾವಿ ಕೊಟ್ಟ ಮೇಲೆ ಎರಡು ಹೆಜ್ಜೆ ಹಿಂದೆಯೇ ಬಂದು ನಿಂತದ್ದು, ಎಲ್ಲವೂ ಗುರುಲಿಂಗವ್ವನಿಗೆ ಸಾಕ್ಷಿಯಾಗಿ ಕಂಡವು.

ಇತ್ತ ಸಿದ್ದವ್ವ ಸುಮ್ಮನೆ ಕೂಡುವ ಪೈಕಿಯೇ? ಹೆಂಗಸರ ಡಬ್ಬಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಗಂಡಸರ ಡಬ್ಬಿಯಲ್ಲಿತ್ತು. ಸಂಶಯ ಬಾಡಿಗೆ ಕೊಡದೆಯೇ ಚಾಳಿನ ಮನೆಮನೆ ಹೊಕ್ಕಿತು. ಒಬ್ಬರು ತಂಗಿ ಬಂದಿದ್ದಾಳೆಂದರು, ಇನ್ನೊಬ್ಬರು ಹೊಸ ಕೀಲಿ ತಂದೆವೆಂದರು, ಮತ್ತೊಬ್ಬರು ಏನೂ ನೆಪ ಹೇಳದೆ ಕೈ ಚಾಚಿದರು. ಹಸಿರು ದಾರ, ನೀಲಿ ದಾರ, ಕರಿ ದಾರ, ಎಲ್ಲ ಬಿಚ್ಚಿಹೋದವು. ಸೋಮವ್ವ ಯಾರಿಗೂ ಯಾಕೆ ಎಂದು ಕೇಳಲಿಲ್ಲ. ನಡೆಯುವಾಗ ಕೈ ಮಾತ್ರ ಅಭ್ಯಾಸಕ್ಕೆ ಸೊಂಟಕ್ಕೆ ಹೋಗಿ, ಏನೂ ಸಿಗದೆ ವಾಪಸು ಬರುತ್ತಿತ್ತು. ಜಣಜಣ ಸಪ್ಪಳ ನಿಂತುಹೋದ ಚಾಳು ಹಗಲು ಹೊತ್ತಿನಲ್ಲಿ ಇನ್ನಷ್ಟು ಖಾಲಿಯಾಯಿತು.

ನೀರಿನ ಫಜೀತಿ ಬೇರೆ ಶುರುವಾಯಿತು. ಸಂಜೆ ಬಂದವರೆಲ್ಲ ಒಣಗಿದ ಹಂಡೆ ನೋಡಿ, ಬಕೀಟು ಹಿಡಿದು ಸ್ಟೇಷನ್ನಿನ ನಳಕ್ಕೆ ಓಡಬೇಕು. ಗುರುಲಿಂಗವ್ವ ಅರ್ಧ ಕೊಡ ತುಂಬಿ, ಎರಡು ಕಡೆ ಇಳಿಸಿ, ಉಸಿರು ಬಿಟ್ಟು ತರುತ್ತಿದ್ದಳು. ಒಮ್ಮೆ ಸೋಮವ್ವ ದಾರಿಯಲ್ಲಿ ಅಡ್ಡ ಬಂದು ಕೊಡಕ್ಕೆ ಕೈ ಹಾಕಿದಳು. ಗುರುಲಿಂಗವ್ವ ಕೊಡವನ್ನು ಎದೆಗೆ ಒತ್ತಿಕೊಂಡು ಪಕ್ಕಕ್ಕೆ ಸರಿದಳು. ಸೋಮವ್ವನ ಕೈ ಗಾಳಿಯಲ್ಲೇ ಉಳಿಯಿತು.

ಇಷ್ಟಾದ ಮೇಲಾದರೂ ಪುಡಿ ನಿಲ್ಲಬೇಕಲ್ಲ? ನಿಲ್ಲಲಿಲ್ಲ. ಈಗ ಹೊಸ್ತಿಲ ಹೊರಗೆ ಬಿತ್ತು. ಅದೇ ಚಿಟಿಕೆ, ಅದೇ ಹೆಬ್ಬೆರಳು. ಗುರುಲಿಂಗವ್ವನಿಗೆ ಇನ್ನು ಅನುಮಾನ ಉಳಿಯಲಿಲ್ಲ. ಒಳಗೆ ಬರಲಾಗದವಳು ಹೊರಗೆ ಇಡುತ್ತಿದ್ದಾಳೆ. ಎಂಥ ಗಟ್ಟಿ ಹೆಂಗಸು ಇವಳು! ಎರಡು ಹೊಟ್ಟೆ ಬರಿದು ಮಾಡಿದ್ದು ಸಾಲದೆ ಮೂರನೆಯದಕ್ಕೂ ಕೈ ಹಾಕಿದ್ದಾಳೆ. ರಾತ್ರಿ ಮಲಗಿದರೆ ಹೊಟ್ಟೆಯಲ್ಲಿ ಸ್ವಲ್ಪ ಹಿಂಡಿದಂತಾದರೂ ಎದ್ದು ಕೂತು ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

“ಕಮತಗ್ಯಾಗ ಹುಚ್ಚವ್ವ ಅಂತ ಒಬ್ಬಾಕಿ ಅದಾಳ,” ಎಂದಳು ಸಿದ್ದವ್ವ ಗಾಡಿಯಲ್ಲಿ. “ಹಂಥಾ ಕೆಲಸಾ ತಗದು ಕೊಡ್ತಾಳ. ನಮ್ಮ ಅಬಚಿ ಊರು ಅದ, ಐತವಾರ ಹೋಗಿ ತರ್ತೇನಿ ತಡಿ.”

ತಂದಳು. ಬಾಳೆ ಎಲೆಯಲ್ಲಿ ಸುತ್ತಿದ ಒಂದು ನಿಂಬೆಹಣ್ಣು, ನಾಲ್ಕು ಸೀಳಿ ಕುಂಕುಮ ತುಂಬಿದ್ದು. ಮಾಡಿದವರ ಹೊಸ್ತಿಲಲ್ಲಿ ಇಟ್ಟು ತಿರುಗಿ ನೋಡದೆ ಬರಬೇಕಂತೆ. ಮಾಡಿದ್ದು ಮಾಡಿದವರ ಮೇಲೆಯೇ ಹೋಗುತ್ತದಂತೆ. ಗುರುಲಿಂಗವ್ವ ಅದನ್ನು ಊಟದ ಡಬ್ಬಿಯ ಕೆಳಗೆ ಇಟ್ಟುಕೊಂಡು ಎರಡು ದಿನ ಬಾಗಲಕೋಟೆಗೆ ಹೋಗಿಬಂದಳು. ಬಸವಣ್ಣನ ಹೆಸರು ಹೇಳುವ ಮನೆತನ, ಮಾಟ ಮದ್ದು ಎಂದರೆ ಬಾಯಿ ತೊಳೆದುಕೊಳ್ಳಬೇಕು ಎನ್ನುತ್ತಿದ್ದ ಅಪ್ಪ. ಅಪ್ಪನ ಮುಖ ಕಣ್ಣ ಮುಂದೆ ಬಂದಾಗಲೆಲ್ಲ, ‘ನಾ ಮಾಡಿದ್ದಲ್ಲ, ಅವರದನ್ನ ಅವರಿಗೆ ತಿರುಗಿ ಕೊಡ್ತೇನಿ ಅಷ್ಟ’ ಎಂದು ತನಗೆ ತಾನೇ ಹೇಳಿಕೊಂಡಳು. ಮೂರನೆಯ ದಿನ ಮುಂಜಾನೆ ಹೊಟ್ಟೆ ಜೋರಾಗಿ ಹಿಂಡಿತು. ಆಗ ಮನಸ್ಸು ಗಟ್ಟಿಯಾಯಿತು.

ಪುಷ್ಯದ ಚಳಿ. ಗಾಡಿಯ ಹೊತ್ತಿಗೂ ಇನ್ನೂ ಕತ್ತಲು, ಹೊಲದ ಮೇಲೆ ಮಂಜು. ಸೋಮವ್ವನ ಮನೆಯ ಹೊಸ್ತಿಲಲ್ಲಿ ಹಣ್ಣು ಇಟ್ಟಳು. ಬೆರಳಿಗೆ ಕುಂಕುಮ ಅಂಟಿತು. ಆಡು ಒಮ್ಮೆ ಮ್ಯಾ ಎಂದಿತು, ಅಷ್ಟಕ್ಕೇ ಆಕೆ ಎದ್ದುಬಿದ್ದು ಸ್ಟೇಷನ್ನಿನ ಕಡೆ ಓಡಿದಳು. ಬಸರಿ ಹೆಂಗಸು, ಕಲ್ಲುಹಾದಿ, ಮಂಜು. ಎಡವಿದ್ದರೆ ಹುಚ್ಚವ್ವನ ಹಣ್ಣಿನ ಕೆಲಸ ಅಲ್ಲೇ ಮುಗಿಯುತ್ತಿತ್ತು.

ಆ ದಿನ ಆಫೀಸಿನಲ್ಲಿ ಆಕೆ ಇಳಕಲ್ಲು ಕೇಳಿದವರಿಗೆ ಹುಬ್ಬಳ್ಳಿ ಕೊಟ್ಟಳು, ಹುಬ್ಬಳ್ಳಿಯವರಿಗೆ ಯಾರನ್ನೂ ಕೊಡಲಿಲ್ಲ. ಎಷ್ಟು ತೊಳೆದರೂ ಉಗುರಿನ ಸಂದಿಯ ಕೆಂಪು ಹೋಗಲಿಲ್ಲ. ಸೋಮವ್ವ ಈಗ ಬಾಗಿಲು ತೆರೆದಿರುತ್ತಾಳೆ, ಈಗ ಕಾಲು ಇಟ್ಟಿರುತ್ತಾಳೆ, ಈಗ ಬಿದ್ದಿರುತ್ತಾಳೆ. ಅದೇ ಬೇಕಾಗಿತ್ತಲ್ಲ? ಬೇಕಾಗಿತ್ತು. ಹಾಗಾದರೆ ಊಟದ ಡಬ್ಬಿ ಯಾಕೆ ಮುಚ್ಚಿದ ಹಾಗೇ ಉಳಿದಿದೆ? ಸೋಮವ್ವ ಅಲ್ಲದಿದ್ದರೆ ಎಂಬ ಮಾತು ಆಗ ಮೊದಲ ಸಲ ತಲೆಯಲ್ಲಿ ಬಂತು. ಬಂದದ್ದನ್ನು ಆಕೆ ಒಳಗೆ ಬಿಟ್ಟುಕೊಳ್ಳಲಿಲ್ಲ, ಆದರೆ ಅದು ಬಾಗಿಲಲ್ಲೇ ಕೂತಿತು.

ಸಂಜೆ ಗಾಡಿ ಬಾದಾಮಿಯಲ್ಲಿ ನಿಂತಾಗ ಹೆಂಗಸರ ಡಬ್ಬಿಯ ಎದುರಿಗೇ ಕರಿ ಕಂಬಳಿ ಕಂಡಿತು. ಸೋಮವ್ವ! ಎಂದೂ ಸ್ಟೇಷನ್ನಿಗೆ ಬಾರದವಳು. ಸಿದ್ದವ್ವ ಆಕೆಯನ್ನು ನೋಡಿದ್ದೇ ತಡ, ಆಚೆ ಬಾಗಿಲಿನಿಂದ ಇಳಿದು ಮಾಯವಾದಳು. ಗುರುಲಿಂಗವ್ವನ ಕಾಲು ಮೆಟ್ಟಿಲಲ್ಲೇ ನಿಂತಿತು. ಗೊತ್ತಾಗಿದೆ, ಜನರೆದುರು ಮಾನ ತೆಗೆಯಲು ಬಂದಿದ್ದಾಳೆ.

ಸೋಮವ್ವ ಕೈ ಚಾಚಿ ಆಕೆಯ ಚೀಲ ಇಸಿದುಕೊಂಡಳು. “ಹಗೂರಕ ಇಳಿ ತಂಗಿ. ನಿನ್ನ ಕರಕೊಂಡ ಹೋಗಾಕ ಬಂದೀನಿ. ಇವತ್ತ ಒಬ್ಬಾಕಿನ ಬರೂದು ಬ್ಯಾಡ ಅಂತ.”

“ಯಾಕ?” ಎಂದಳು ಗುರುಲಿಂಗವ್ವ.

ಜನ ದಾಟಿಹೋಗುವ ತನಕ ಸೋಮವ್ವ ಬಾಯಿ ಬಿಡಲಿಲ್ಲ. ಜಾಲಿಮರದ ತಿರುವಿಗೆ ಬಂದ ಮೇಲೆ ದನಿ ತಗ್ಗಿಸಿದಳು. “ಚಾಳಿನ್ಯಾಗ ಯಾರೋ ಕೆಟ್ಟದ್ದು ಮಾಡಾಕ ಹತ್ಯಾರವಾ. ಮುಂಜಾನೆ ನನ್ನ ಹೊಸ್ತಿಲದಾಗ ನಿಂಬಿಹಣ್ಣು ಇಟ್ಟಿದ್ರು, ಸೀಳಿ ಕುಂಕುಮ ಹಚ್ಚಿ. ನಾ ಮುದಕಿ, ನನಗೇನ ಆಗತೈತಿ ಬಿಡು. 'ಈ ಹುಡುಗಿ ಹೆಂಗವಾ' ಅಂತ ನನಗ ನಿನ್ನ ಚಿಂತಿ ಹತ್ತಿತು.”

“ನಂದ್ಯಾಕ?”

“ನೀ ಹೇಳಲಿಲ್ಲ, ನಾ ಕೇಳಲಿಲ್ಲ. ನೀರು ತುಂಬಾಕ ಬಂದಾಗ ನಿಮ್ಮ ಒಲಿ ಅಂಚು ಕೆರೆದದ್ದು ಕಂಡಿದ್ದೆ. ಹೆಣ್ಣಮಗಳು ಮಣ್ಣು ಯಾವಾಗ ತಿಂತಾಳ ಅನ್ನೂದು ನನಗ ಗೊತ್ತಿಲ್ಲೇನು? ಎರಡ ಸಲ ಕೈಗೆ ಬರಲಿಲ್ಲ, ಈ ಸಲ ಬಾಯಿ ಕಟ್ಟಿಕೊಂಡು ಕುಂತಾಳ, ಕುಂದರಲಿ ಅಂತ ನಾನೂ ಯಾರ ಮುಂದೂ ಆಡಲಿಲ್ಲ.” ಸೋಮವ್ವ ಸುತ್ತ ನೋಡಿದಳು. “ನಮ್ಮ ಊರಾಗ ಮನಿ ಅಂದ್ರ ಯಾರರ ಒಬ್ಬರು ಇದ್ದ ಇರ್ತಾರ. ಇಲ್ಲಿ ಹೊತ್ತು ಹೊಂಟಾಗಿಂದ ಮುಣುಗೂತನಕ ಕೀಲಿ. ಖಾಲಿ ಮನ್ಯಾಗ ಏನ ಹೊಕ್ಕು ಕುಂತಿರತೈತೋ ಯಾರ ಕಂಡಾರ? ದೀಪ ಹಚ್ಚೂ ಹೊತ್ತಿನ್ಯಾಗ ಬಸರಿ ಹೆಂಗಸು ಹಂಥಾ ಮನೀಗೆ ತಾನ ಮೊದಲ ಕಾಲು ಇಡಬಾರದು. ಅದಕ್ಕ ಗಾಡಿ ಸಿಳ್ಳು ಕೇಳಿದ ಕೂಡಲೆ ಬಂದು ನಿಮ್ಮ ಹೊಸ್ತಿಲಕ್ಕ ಬೀರಪ್ಪನ ಭಂಡಾರ ಒತ್ತಿ ಹೋಗ್ತಿದ್ದೆ. ಚಾವಿ ಇದ್ದಾಗ ಒಳಗ. ನೀ ಇಸಗೊಂಡ ಮ್ಯಾಲೆ ಹೊರಗ.”

ಭಂಡಾರ! ಬೀರಪ್ಪನ ಗುಡಿಯ ಅರಿಷಿಣ, ಸೋಮವ್ವನ ಹಣೆಯ ಮೇಲೆ ದಿನಾ ಕಾಣುವ ಅದೇ ಹಳದಿ. ಲೋಕದ ಸುಳ್ಳೆಲ್ಲ ಕಿವಿಯಲ್ಲೇ ಹಿಡಿಯುತ್ತೇನೆ ಎನ್ನುತ್ತಿದ್ದ ಜಾಣೆಯ ಕಣ್ಣಿಗೆ ಎದುರಿನ ಹಣೆ ಕಂಡಿರಲಿಲ್ಲ. ಗುರುಲಿಂಗವ್ವ ಜಾಲಿಮರದ ಕಾಂಡಕ್ಕೆ ಕೈ ಊರಿದಳು.

ಸೋಮವ್ವ ಸೊಂಟದಿಂದ ಒಂದೇ ಒಂದು ಚಾವಿ ತೆಗೆದಳು, ಬಿಳಿ ಉಣ್ಣೆದಾರ ಕಟ್ಟಿದ್ದು. “ಇದು ನಮ್ಮ ಮನೀದು. ಭಂಡಾರ ತೀರೇತಿ, ನಾಳೆ ಊರಿಗೆ ಹೋಗಿ ಗುಡ್ಯಾಗಿಂದು ತರ್ತೇನಿ. ಇವರು ಲೈನ್ ಮ್ಯಾಲೆ ಇರ್ತಾರ, ಹೊತ್ತಿಲ್ಲ ಗೊತ್ತಿಲ್ಲ. ಚಾವಿ ನಿನ್ನ ಕಡೆ ಇರಲಿ, ನೀ ಸಾಲಿ ಕಲತಾಕಿ, ಲಿಂಗ ಕಟ್ಟಿದಾಕಿ. ಬ್ಯಾರೆ ಯಾರ ಮ್ಯಾಲೂ ನನಗ ಈಗ ನಂಬಿಗಿ ಇಲ್ಲ. ಆ ಹಣ್ಣು ಇಟ್ಟಾಕಿ ಜೋಹರಾನ ಇರಬೇಕು ಅನಸತೈತಿ.”

“ಜೋಹರಾ?”

“ಮತ್ತ ಯಾರು? ಗಾಡಿ ಹೋದಮ್ಯಾಲೆ ಇರಾವ್ರು ನಾವಿಬ್ಬರ. ಇಷ್ಟ ದಿನ ಕೂಡಿ ಚಾ ಕುಡದೀವಿ. ಇವತ್ತ ಕರೆದಳು, ನಾ ಹೋಗಲಿಲ್ಲ. ಬಾಗಲಾ ಮುಚ್ಚಿಕೊಂಡು ಕುಂತೆ. ಯಾಕೂಬಸಾಬರ ಮುಂದನೂ ಹೇಳಬೇಕು ಅಂತ ಮಾಡೀನಿ.”

ಸುಮ್ಮನಿದ್ದರೆ ಆಗುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಿದ್ದವ್ವ ಬಾಯಿ ಬಿಟ್ಟರೆ ಆಕೆಯೂ ಸಿಕ್ಕಿಬೀಳುತ್ತಾಳೆ, ಬಿಡಲಾರಳು. ಚಾವಿ ಅಂಗೈಯಲ್ಲಿ ಬೆಚ್ಚಗಿತ್ತು, ಸೋಮವ್ವನ ಮೈಯ ಬಿಸಿ. ಪಕ್ಕದಲ್ಲೇ ಉಗುರಿನ ಸಂದಿಯ ಕೆಂಪು.

“ಜೋಹರಾ ಅಲ್ಲ,” ಎಂದಳು ಗುರುಲಿಂಗವ್ವ.

“ನಿನಗ ಹೆಂಗ ಗೊತ್ತು?”

“ನಾ ಇಟ್ಟೇನಿ ಸೋಮಕ್ಕ. ನೀ ನನ್ನ ಹೊಟ್ಟೀಗೆ ಮಾಟ ಮಾಡಾಕತ್ತೀ ಅಂತ ತಿಳದು ನಾನ ಇಟ್ಟೆ.”

ಸೋಮವ್ವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಕೆಯ ಕಣ್ಣು ನಿಧಾನಕ್ಕೆ ಗುರುಲಿಂಗವ್ವನ ಮುಖದಿಂದ ಬೆರಳಿಗೆ ಇಳಿದವು. “ಹಂಥಾದ್ದನ್ನ ಈ ಕೈಲೆ ಹಿಡಿದ್ಯಾ? ಬಸರಿ ಕೈಲೆ?” ಎಂದಳು. “ಎಲ್ಲಾರ ಮನೀ ಚಾವಿ ಯಾಕ ಹೋದುವು ಅಂತ ನನಗ ಇವತ್ತ ತಿಳೀತು. ‘ಸೋಮಕ್ಕ, ಇದೇನು, ಯಾಕ ಇಟ್ಟಿ’ ಅಂತ ಒಂದ ಮಾತು ಕೇಳಬಾರದಾಗಿತ್ತೇನವಾ? ಬೈದಿದ್ದರೂ ನಡೀತಿತ್ತು. ಒಂದ ಮಾತು.”

ಗುರುಲಿಂಗವ್ವ ಬಗ್ಗಿ ಆಕೆಯ ಪಾದ ಮುಟ್ಟಲು ಹೋದಳು. ಸೋಮವ್ವ ಹಿಂದೆ ಸರಿದು, ಆಕೆಯ ಅಂಗೈಯಿಂದ ಬಿಳಿ ದಾರದ ಚಾವಿ ತೆಗೆದುಕೊಂಡು ಸೊಂಟಕ್ಕೆ ಸಿಗಿಸಿದಳು. “ನಿನ್ನ ಹೊಟ್ಯಾಗ ಕೂಸು ಐತಿ, ಏನೂ ಅನ್ನಂಗಿಲ್ಲ ನಾ,” ಎಂದವಳೇ ಮುಂದೆ ನಡೆದಳು. ಚೀಲವನ್ನು ಮಾತ್ರ ಗುರುಲಿಂಗವ್ವನ ಮನೆಯ ಕಟ್ಟೆಯವರೆಗೆ ಹೊತ್ತು, ಅಲ್ಲಿಟ್ಟು ಹೋದಳು.

ಮರುದಿನದಿಂದ ಹೊಸ್ತಿಲು ಬೋಳು. ಚಿಟಿಕೆ ಹಳದಿಯಿಲ್ಲ, ಹೆಬ್ಬೆರಳಿಲ್ಲ. ತಿಕ್ಕಿ ತಿಕ್ಕಿ ತೊಳೆದು ಬೇಡಿಕೊಂಡದ್ದು ಇದನ್ನೇ. ಈಗ ಸಂಜೆ ಕೀಲಿ ತೆಗೆದು ನಿಂತರೆ ಒಳಗಿನ ಕತ್ತಲು ಕಂಡು ಕಾಲು ಏಳುತ್ತಿರಲಿಲ್ಲ. ಇಷ್ಟು ದಿನ ಇದೇ ಮನೆಗೆ ಒಬ್ಬಳೇ ಹೊಕ್ಕವಳಿಗೆ, ಇದು ಬೆಳಗಿನಿಂದ ಖಾಲಿ ಇದ್ದ ಮನೆ ಎಂಬುದು ಆಗ ತಿಳಿಯಿತು. ಈರಪ್ಪ ಇರುವ ದಿನ ಅವನನ್ನು ಮೊದಲು ಒಳಗೆ ಕಳಿಸುವಳು. ವಸ್ತಿಯ ದಿನ ಕಟ್ಟೆಯ ಮೇಲೆ ಕೂತು, ಪಕ್ಕದ ಮನೆಯಲ್ಲಿ ದೀಪ ಹತ್ತಿದ ಮೇಲೆ ಹೆದರುತ್ತ ಹೆದರುತ್ತ ಏಳುವಳು.

“ಹಣ್ಣು ಕೆಲಸಾ ಮಾಡಿತೇನ?” ಸಿದ್ದವ್ವ ಗಾಡಿಯಲ್ಲಿ ಕಿವಿಯ ಹತ್ತಿರ ಬಂದು ಕೇಳಿದಳು.

“ಮಾಡಿತು,” ಎಂದಳು ಗುರುಲಿಂಗವ್ವ. “ಅದು ಭಂಡಾರ ಆಗಿತ್ತು ಸಿದ್ದವ್ವ. ನೀ ಡಬ್ಬಿ ತುಂಬ ಹೇಳಿದ್ಯಲ್ಲ, ಇದನ್ನೂ ಹೇಳು.” ಸಿದ್ದವ್ವ ಅವತ್ತಿನಿಂದ ಬೇರೆ ಕಿಟಕಿಯ ಹತ್ತಿರ ಕೂಡತೊಡಗಿದಳು. ಹೇಳಿದಳೋ ಇಲ್ಲವೋ, ಚಾಳಿನವರು ಒಬ್ಬೊಬ್ಬರೇ ಮುಖ ಕೆಳಗೆ ಹಾಕಿಕೊಂಡು ಸೋಮವ್ವನ ಮನೆ ಮುಂದೆ ಚಾವಿ ಹಿಡಿದು ನಿಂತರು. ಸೋಮವ್ವ ಊರಿನಿಂದ ಬಂದ ಮೇಲೆ ಯಾವ ಚಾವಿಯನ್ನೂ ಮುಟ್ಟಲಿಲ್ಲ. ನೀರಿಗೆ ನೀವೇ ದಾರಿ ನೋಡಿಕೊಳ್ಳಿ ಎಂದಳು. ಹಗಲು ಜೋಹರಾನ ಮನೆಯಲ್ಲಿ ಚಹಾ ಕುಡಿಯುವುದು ಮಾತ್ರ ಮತ್ತೆ ಶುರುವಾಗಿತ್ತು.

ಐದನೆಯ ತಿಂಗಳು ಮುಗಿಯುತ್ತ ಬಂತು. ಸೆರಗು ಎಷ್ಟು ಹೊದ್ದರೂ ಇನ್ನು ಮುಚ್ಚುವಂತಿರಲಿಲ್ಲ. ಒಂದು ವಸ್ತಿಯ ದಿನ ಗಾಡಿ ತಡವಾಗಿ ಬಂತು. ಚಾಳಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು, ಕರೆಂಟೂ ಹೋಗಿತ್ತು. ಗುರುಲಿಂಗವ್ವ ಕೀಲಿ ತೆಗೆದು ಬಾಗಿಲು ತಳ್ಳಿದಳು. ಒಳಗಿನಿಂದ ತಣ್ಣಗೆ ಗಾಳಿ ಬಂತು. ಒಂದು ಕಾಲು ಎತ್ತಿದಳು, ಮತ್ತೆ ಅಲ್ಲೇ ಇಟ್ಟಳು. ಹೊಟ್ಟೆಯಲ್ಲಿ ಕೂಸು ಮಿಸುಕಿತು. ಅಲ್ಲೇ ಹೊಸ್ತಿಲ ಹೊರಗೆ ನಿಂತು ಆಕೆ ಅಳತೊಡಗಿದಳು, ಯಾರಿಗೂ ಕೇಳದ ಹಾಗೆ.

“ಬಾಜೂಕ ಸರಿ,” ಎಂದಿತು ಹಿಂದಿನಿಂದ ಒಂದು ದನಿ.

ಕಂದೀಲು ಹಿಡಿದ ಸೋಮವ್ವ ಆಕೆಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೊಕ್ಕಳು. ಅಡುಗೆಮನೆಗೆ ಹೋದಳು, ಮೂಲೆ ಮೂಲೆಗೆ ಕಂದೀಲು ಹಿಡಿದಳು, ದೇವರ ಜಗಲಿಯ ಮೇಲೆ ದೀಪ ಹಚ್ಚಿದಳು, ಹರವಿಯಲ್ಲಿ ಕೈ ಹಾಕಿ ನೀರು ಎಷ್ಟಿದೆ ಎಂದು ನೋಡಿ ಲೊಚ್ಚೆಂದಳು. ಹೊರಗೆ ಬಂದವಳು ಮುಖ ನೋಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ಗುರುಲಿಂಗವ್ವನ ಕೈ ಎಳೆದು ಅಂಗೈಗೆ ಒಂದು ಹಿಡಿ ಭಂಡಾರ ಸುರಿದಳು.

“ನೀನ ಇಡು,” ಎಂದಳು. “ಯಾರ ಇಟ್ಟರು ಅಂತ ನಾಳೆ ಮತ್ತ ಯಾರ ಮ್ಯಾಲೂ ಸಂಶೇ ಬ್ಯಾಡ.”

ಗುರುಲಿಂಗವ್ವ ಚಿಟಿಕೆ ಹಿಡಿದು ಹೊಸ್ತಿಲಿಗೆ ಬಗ್ಗಿದಳು. ಹೊಟ್ಟೆ ಅಡ್ಡ ಬಂತು, ತೋಲ ತಪ್ಪಿತು. ಸೋಮವ್ವ ಮುಖವನ್ನು ಆ ಕಡೆ ತಿರುಗಿಸಿಕೊಂಡೇ ಆಕೆಯ ರಟ್ಟೆ ಹಿಡಿದು, ಹೆಬ್ಬೆರಳು ಕಲ್ಲಿಗೆ ಮುಟ್ಟುವ ತನಕ ಬಿಡದೆ ನಿಂತಳು.